ಯಾರೋ ಮಾಡಿದ ತಪ್ಪಿಗೆ ಇಡೀ ಪಿನ್‌ಕೋಡ್‌ಗೆ ಶಿಕ್ಷೆಯೇ?

ಮಾನ್ಯ ಸಂಪಾದಕರೇ,

ಮಾಸ್ಟೊಡಾನ್ ಅಂತ ಟ್ವಿಟರ್‌ನಂಥ ಒಂದು ಜಾಲತಾಣವಿದೆ; ನಮ್ಮ ಬಡಾವಣೆಯ ಎರಡನೇ ಹಂತದ ಹುಡುಗರು ನಡೆಸುವ ಅದರ ಸರ್ವರ್ ಬಗ್ಗೆ ಕಳೆದ ಭಾನುವಾರ ನೀವು ಅರ್ಧ ಪುಟ ಬರೆದಿರಿ. ಫೋಟೊ ಚೆನ್ನಾಗಿ ಬಂದಿತ್ತು. ‘ಇಲ್ಲಿ ಮಾಲೀಕರಿಲ್ಲ, ಜಾಹೀರಾತಿಲ್ಲ, ಯಾರು ಬೇಕಾದರೂ ಸೇರಬಹುದು’ ಎಂದು ದಪ್ಪ ಅಕ್ಷರದಲ್ಲಿ ಹಾಕಿದಿರಿ. ವಿಳಾಸವನ್ನೂ ಕೊಟ್ಟಿರಿ. ಸಂತೋಷ. ಯಾರು ಬೇಕಾದರೂ ಸೇರಿದರು.

ಸೋಮವಾರ ರಾತ್ರಿಯೊಳಗೆ ಇನ್ನೂರಕ್ಕೂ ಜಾಸ್ತಿ ಹೊಸ ಖಾತೆಗಳು. ಅದರಲ್ಲಿ ನಮ್ಮ ಬಡಾವಣೆಯವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಉಳಿದವರೆಲ್ಲ ಕ್ರಿಪ್ಟೊ ಮಾರುವವರು. ಪ್ರಪಂಚದಲ್ಲಿ ಕಂಡ ಕಂಡವರ ಹೆಸರು ಹಿಡಿದು ಕರೆದು ಲಿಂಕ್ ಎಸೆದರು. ಸರ್ವರ್ ನೋಡಿಕೊಳ್ಳುವ ಹುಡುಗ ಅಕ್ಕನ ಮದುವೆ ಅಂತ ಶಿರಸಿಗೆ ಹೋಗಿದ್ದ. ಬುಧವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಫೋನ್ ತೆಗೆದರೆ, 640 ಇದ್ದ ನನ್ನ ಹಿಂಬಾಲಕರು 212 ಆಗಿದ್ದಾರೆ! ಯುರೋಪಿನ ಒಂದು ದೊಡ್ಡ ಸರ್ವರ್‌ನವರು ನಮ್ಮ ಸರ್ವರ್ ಅನ್ನೇ ಬ್ಲಾಕ್ ಮಾಡಿದ್ದರು. ಅಲ್ಲಿದ್ದ ನನ್ನ 428 ಹಿಂಬಾಲಕರ ಕೊಂಡಿ ಕಡಿದುಹೋಯಿತು. ಇದಕ್ಕೆ ‘ಡಿಫೆಡರೇಟ್’ ಅನ್ನುತ್ತಾರಂತೆ. ನಮ್ಮ ಕಾಲದಲ್ಲಿ ಬಹಿಷ್ಕಾರ ಅನ್ನುತ್ತಿದ್ದರು.

ನಾನು 34 ವರ್ಷ ಅಂಚೆ ಇಲಾಖೆಯಲ್ಲಿ ದುಡಿದವನು. ಈ ವ್ಯವಸ್ಥೆ ನನಗೆ ಹಿಡಿಸಿದ್ದೇ ಅದಕ್ಕೆ. ಒಂದೊಂದು ಸರ್ವರ್ ಒಂದೊಂದು ಅಂಚೆ ಕಚೇರಿ. ಈ ಕಚೇರಿಯಲ್ಲಿ ಹಾಕಿದ ಕಾಗದ ಆ ಕಚೇರಿಯವರಿಗೂ ಮುಟ್ಟುತ್ತದೆ. 1874ರಲ್ಲಿ ಹಲವು ದೇಶಗಳು ಬರ್ನ್‌ನಲ್ಲಿ ಕೂತು ಅಂಚೆ ಒಪ್ಪಂದ ಮಾಡಿಕೊಂಡ ಹಾಗೆ, ಇಲ್ಲಿಯೂ ಆಕ್ಟಿವಿಟಿಪಬ್ ಅಂತ ಒಂದು ನಿಯಮ 2018ರಲ್ಲಿ ಆಯಿತು. ಎಲ್ಲ ಸರಿ. ಆದರೆ ಯಾರೋ ನಾಲ್ಕು ಜನ ಕೆಟ್ಟ ಕಾಗದ ಬರೆದರು ಅಂತ ಇಡೀ ಪಿನ್‌ಕೋಡ್‌ಗೆ ಟಪಾಲು ನಿಲ್ಲಿಸಿದ್ದನ್ನು ನಾನು ಸರ್ವಿಸ್‌ನಲ್ಲಿ ಒಂದು ದಿನವೂ ನೋಡಿಲ್ಲ. ವಿಳಾಸದಾರ ಸಿಗದಿದ್ದರೆ ಮೊಹರು ಹಾಕಿ, ಕಾರಣ ಬರೆದು ವಾಪಸ್ ಕಳಿಸುತ್ತಿದ್ದೆವು. ಇಲ್ಲಿ ಅದೂ ಇಲ್ಲ. ನನಗೆ ಒಂದು ಸಾಲಿನ ನೋಟಿಸ್ ಬರಲಿಲ್ಲ.

ನನ್ನ ತಪ್ಪಾದರೂ ಏನು? 2022ರ ನವೆಂಬರ್‌ನಿಂದ ದಿನಕ್ಕೊಂದು ವೀರಗಲ್ಲಿನ ಫೋಟೊ ಹಾಕುತ್ತಿದ್ದೇನೆ, ಅಷ್ಟೇ. ಅದೂ ಸುಲಭಕ್ಕೆ ನಡೆದಿರಲಿಲ್ಲ. ವೀರಗಲ್ಲು ನಿಮಗೆ ಗೊತ್ತಲ್ಲ, ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗ. ಅದಕ್ಕೆ ಯಾರೋ ‘ಹಿಂಸೆ’ ಅಂತ ದೂರು ಕೊಟ್ಟು, ಅವರ ಸರ್ವರ್‌ನಲ್ಲಿ ಫೋಟೊಗೆ ಪರದೆ ಎಳೆಸಿದರು. ಸತ್ತು ಸಾವಿರ ವರ್ಷವಾದವನಿಗೆ ಪರದೆ! ಇನ್ನೊಮ್ಮೆ ಮಸಾಲೆ ದೋಸೆ ಫೋಟೊ ಹಾಕಿದೆ. ಊಟದ ಚಿತ್ರಕ್ಕೆ ಮೊದಲು ಎಚ್ಚರಿಕೆ ಬರೆಯಬೇಕು ಅಂತ ಒಬ್ಬರು ಬುದ್ಧಿ ಹೇಳಿದರು. ಮೊಮ್ಮಗಳು ಕ್ಯಾಮೆರಾ ನೋಡಿ ನಕ್ಕ ಫೋಟೊಗೆ ‘ಕಣ್ಣು ನೇರ ನೋಡುತ್ತಿದೆ’ ಎಂಬ ಎಚ್ಚರಿಕೆ ಹಾಕಬೇಕಂತೆ. ಚಿತ್ರದಲ್ಲಿ ಏನಿದೆ ಅಂತ ಕಣ್ಣು ಕಾಣದವರಿಗಾಗಿ ಬರೆಯಿರಿ ಅಂದರು. ಅದು ಒಳ್ಳೆಯ ಮಾತು, ನಮ್ಮಣ್ಣನಿಗೇ ದೃಷ್ಟಿ ಇಲ್ಲ, ಅಂದಿನಿಂದ ತಪ್ಪದೆ ಬರೆಯುತ್ತೇನೆ. ಉಳಿದದ್ದನ್ನೂ ಸಹಿಸಿಕೊಂಡೆ. ಇಷ್ಟೆಲ್ಲ ಮಡಿ ಮಾಡಿದವನನ್ನೂ ಕ್ರಿಪ್ಟೊದವರ ಸಾಲಲ್ಲೇ ನಿಲ್ಲಿಸಿ ಹೊರಗೆ ಹಾಕಿದರಲ್ಲ.

ಬೇರೆ ಕಡೆ ಹೋಗಿ ಅನ್ನುತ್ತಾರೆ. ಎಷ್ಟು ಸಲ ಸ್ವಾಮಿ? 2019ರ ನವೆಂಬರ್‌ನಲ್ಲಿ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದ ಗಲಾಟೆಯಲ್ಲಿ ನಮ್ಮ ದೇಶದ ಬಹಳ ಮಂದಿ ಮಾಸ್ಟೊಡಾನ್‌ಗೆ ಬಂದರು. ಆಗ ನಾನೂ ಬಂದು ಇಣುಕಿ, ಏನೂ ಅರ್ಥವಾಗದೆ ವಾಪಸ್ ಹೋಗಿದ್ದೆ. ಆಮೇಲೆ ಟ್ವಿಟರ್‌ನಂಥದೇ ‘ಕೂ’ ಆ್ಯಪ್ ಬಂತು. ಬೆಂಗಳೂರಿನಲ್ಲೇ ಹುಟ್ಟಿ ಮೊದಲು ಕನ್ನಡದಲ್ಲೇ ಮಾತಾಡಿದ ಹಕ್ಕಿ. 2024ರ ಜುಲೈನಲ್ಲಿ ಅದೂ ಹಾರಿಹೋಯಿತು. ಈಗ ಮತ್ತೆ ಗಂಟು ಮೂಟೆ ಕಟ್ಟಬೇಕೇ? ಇಲ್ಲಿ ಮನೆ ಬದಲಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಬರೆದದ್ದು ಮಾತ್ರ ಹಳೆ ಮನೆಯಲ್ಲೇ ಉಳಿಯುತ್ತದೆ. ನೆಂಟರು ಬಂದರು, ಪಾತ್ರೆ ಬರಲಿಲ್ಲ ಅನ್ನುವ ಹಾಗೆ. ಅದೂ ಕೊಂಡಿ ಕಡಿದುಹೋದ ಆ 428 ನೆಂಟರು ಬರುವುದಿಲ್ಲ. ನಾಳೆ ದೊಡ್ಡ ಸರ್ವರ್‌ನವರು ಮನಸ್ಸು ಬದಲಿಸಿ ಬ್ಲಾಕ್ ತೆಗೆದರೂ ಅವರು ತಾನಾಗಿ ಮರಳುವುದಿಲ್ಲ. ಒಬ್ಬೊಬ್ಬರೇ ನನ್ನನ್ನು ಹುಡುಕಿಕೊಂಡು ಬರಬೇಕು.

ಮೊದಲೇ ಇಲ್ಲಿಯ ಲೆಕ್ಕ ವಿಚಿತ್ರ. ನನ್ನ ಫೋನಿನಲ್ಲಿ ಮೂರು ಲೈಕ್, ಗೆಳೆಯನ ಫೋನಿನಲ್ಲಿ ಅದೇ ಫೋಟೊಗೆ ಇಪ್ಪತ್ತೇಳು. ಒಂದು ಶಾಸನದ ಕಾಲ ಯಾವುದು ಅಂತ ಕೇಳಿದರೆ ಹನ್ನೊಂದು ಜನ ಒಂದೇ ಉತ್ತರ ಬರೆದರು, ಯಾಕೆಂದರೆ ಒಬ್ಬರ ಉತ್ತರ ಇನ್ನೊಬ್ಬರ ಸರ್ವರ್‌ಗೆ ತಲುಪಿರಲಿಲ್ಲ. ಒಮ್ಮೆ ಗಡಿಬಿಡಿಯಲ್ಲಿ ಗ್ಯಾಸ್ ಬುಕ್ಕಿಂಗ್ ನಂಬರ್ ಕಾಣುವ ಫೋಟೊ ಹಾಕಿ, ಐದು ನಿಮಿಷಕ್ಕೇ ಅಳಿಸಿದೆ. ಅದು ಬೇರೊಂದು ಸರ್ವರ್‌ನಲ್ಲಿ ಎರಡು ವಾರ ಹಾಯಾಗಿತ್ತು. ನಾನು ‘ಅಳಿಸಿ’ ಅಂದಾಗ ಅವರ ಸರ್ವರ್ ಮಲಗಿತ್ತಂತೆ.

ಈಗ ನಮ್ಮ ಹುಡುಗನನ್ನು ಕೇಳಿದರೆ, ‘ಅಂಕಲ್, ಬ್ಲಾಕ್ ಮಾಡಿದ್ದು ಅವರು, ನಾವಲ್ಲ. ಮೇಲ್ ಹಾಕಿದ್ದೀನಿ’ ಅನ್ನುತ್ತಾನೆ. ಅವರಿಗೆ ಬರೆದರೆ, ‘ನಿಮ್ಮ ಸರ್ವರ್‌ನವರನ್ನು ಕೇಳಿ’ ಅನ್ನುತ್ತಾರೆ. ಈ ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ವಾರ್ಡ್ ಕಚೇರಿಯಲ್ಲಿ! ಮನೆ ಆಸ್ತಿಯ ಇ-ಖಾತೆಯಲ್ಲಿ ನಮ್ಮ ತಂದೆಯ ಹೆಸರಿನ ಕೊನೆಯ ‘ಯ್ಯ’ ಬಿಟ್ಟುಹೋಗಿದೆ. ಆ ಒಂದು ಅಕ್ಷರಕ್ಕೆ ಹದಿನಾಲ್ಕು ತಿಂಗಳಿಂದ ಅಲೆಯುತ್ತಿದ್ದೇನೆ. ಒಂದನೇ ಕೌಂಟರಿನವರು ಮೂರನೆಯದಕ್ಕೆ ಹೋಗಿ ಅನ್ನುತ್ತಾರೆ, ಮೂರನೆಯವರು ಊಟಕ್ಕೆ ಹೋಗಿರುತ್ತಾರೆ. ಬಂದ ಮೇಲೆ ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’. ಅಲ್ಲಿ ಸರ್ವರ್ ಯಾವತ್ತೂ ಏಳುವುದಿಲ್ಲ, ಇಲ್ಲಿ ಎದ್ದಿದ್ದರೂ ಪ್ರಯೋಜನವಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಕತೆ ಬೇರೆಯೇ ಇದೆ, ಅದಕ್ಕೆ ಇನ್ನೊಂದು ಪತ್ರ ಬರೆಯುತ್ತೇನೆ.

ಕಾನೂನಿದೆ ಅಂತಲೂ ನೋಡಿದೆ. 2021ರ ಐಟಿ ನಿಯಮದ ಪ್ರಕಾರ ಇಂಥ ತಾಣಕ್ಕೆ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ಬಂದದ್ದನ್ನು 24 ಗಂಟೆಯಲ್ಲಿ ಒಪ್ಪಿಕೊಳ್ಳಬೇಕು, 7 ದಿನದಲ್ಲಿ ಇತ್ಯರ್ಥ ಮಾಡಬೇಕು (2026ರ ಫೆಬ್ರುವರಿಗೆ ಮುಂಚೆ 15 ದಿನ ಇತ್ತು). ನಮ್ಮ ಸರ್ವರ್‌ನ ಕುಂದುಕೊರತೆ ಅಧಿಕಾರಿ ಯಾರು ಅಂತ ಹುಡುಕಿದರೆ, ಅದೇ ಹುಡುಗ. ಪಾಪ, ಕೈಯಿಂದ ದುಡ್ಡು ಹಾಕಿ ನಡೆಸುತ್ತಾನೆ, ಅವನನ್ನು ಎಷ್ಟು ಅಂತ ಬೈಯಲಿ. ಆದರೂ ಅಕ್ಕನ ಮದುವೆಗೆ ಹೋಗುವಾಗ ಹೊಸಬರ ನೋಂದಣಿ ನಿಲ್ಲಿಸಿ ಹೋಗಬಾರದಿತ್ತೇ? 2024ರ ಫೆಬ್ರುವರಿಯಲ್ಲೂ ಹೀಗೇ ಬಾಗಿಲು ತೆರೆದಿಟ್ಟ ಸಣ್ಣ ಸರ್ವರ್‌ಗಳಿಗೆ ನುಗ್ಗಿ ಸ್ಪ್ಯಾಮ್ ಸುರಿದಿದ್ದರು. ಮನೆಗೆ ಬೀಗ ಹಾಕುವುದನ್ನು ಯಾರೂ ಮರೆಯುವುದಿಲ್ಲವಲ್ಲ.

ನಮ್ಮ ಮನೆಯವರು ‘ಬಿಡಿ, ವಾಟ್ಸ್ಆ್ಯಪ್‌ನಲ್ಲಿ ಹಾಕಿ’ ಅನ್ನುತ್ತಾರೆ. ಅಲ್ಲಿ ವೀರಗಲ್ಲು ಹಾಕಿದರೆ ನಮ್ಮ ಬಂಧುಗಳು ಕೈ ಮುಗಿದು ಗುಡ್ ಮಾರ್ನಿಂಗ್ ಹೇಳುತ್ತಾರೆ. ಕಾಲ ಕೇಳುವವರು, ಲಿಪಿ ತಿದ್ದುವವರು ಎಲ್ಲ ಆ 428ರಲ್ಲಿದ್ದರು.

ಸರ್ಕಾರ ಇಂಥ ಸರ್ವರ್‌ಗಳ ಮೇಲೆ ಒಂದು ಕಣ್ಣಿಡಬೇಕು. ಹಾಗಂತ ಕೈ ಹಾಕಬಾರದು. ಕೈ ಹಾಕಿದ್ದು ಏನಾಗುತ್ತದೆ ಅಂತ ಮೂರನೇ ಕೌಂಟರಿನಲ್ಲಿ ನೋಡಿದ್ದೇನೆ. ಹುಡುಗರು ವಿಚಾರಿಸಿ ಒಳಗೆ ಬಿಡಲಿ. ದೊಡ್ಡ ಸರ್ವರ್‌ನವರಿಗೆ ಸ್ವಲ್ಪ ನಾಚಿಕೆ ಇರಲಿ. ತಾವೂ ಇನ್ನು ಮುಂದೆ ನಮ್ಮ ಬಡಾವಣೆಯನ್ನು ಹೊಗಳುವ ಮೊದಲು ಒಂದು ಮಾತು ಕೇಳಿ. ನೀವು ಫೋಟೊ ತೆಗೆದ ಮನೆಯ ಎದುರಿನ ಬೀದಿದೀಪ ಉರಿಯದೆ ಎಂಟು ತಿಂಗಳಾಯಿತು. ನಿಮ್ಮ ಫೋಟೊಗ್ರಾಫರ್ ಹಗಲು ಬಂದಿದ್ದರಿಂದ ಅದು ಫೋಟೊದಲ್ಲಿ ಕಂಡಿಲ್ಲ.

ಇತಿ,
ನಿವೃತ್ತ ಅಂಚೆ ನೌಕರ,
ವಾಟರ್ ಟ್ಯಾಂಕ್ ರಸ್ತೆ, ಎರಡನೇ ಹಂತ