ಅಜ್ಜಿಯ ಕರಿಮಣಿ ಸರ

ಅಂಕೋಲಾ
ಭಾನುವಾರ ರಾತ್ರಿ

ತಂಗೀ,

ಮಗಳೇ, ನೀನು ಬೆಂಗಳೂರು ಮುಟ್ಟಿದ ಸುದ್ದಿ ಅಮ್ಮನ ಮೊಬೈಲ್‌ಗೆ ಬಂತು, ನನ್ನದಕ್ಕೆ ಬರಲಿಲ್ಲ. ಆ ರಾತ್ರಿ ಯಾರು ಏನೆಂದೆವು ಎಂಬುದನ್ನು ಮತ್ತೆ ಬರೆಯುವುದಿಲ್ಲ. ಒಂದು ಮಾತು ಮಾತ್ರ ನಿದ್ದೆ ಕೊಡುತ್ತಿಲ್ಲ. 'ಅಜ್ಜಿಯನ್ನು ಅಂಗಳದಲ್ಲಿ ನಿಲ್ಲಿಸಿ ತೋರಿಸಿದೆ, ಈಗ ನನ್ನ ಸರದಿಯೇ ಅಪ್ಪ?' ಎಂದು ನೀನು ಕೇಳಿದೆ. ನಮ್ಮ ಬೇಡಿಕೆಯ ಮೆರವಣಿಗೆಗೆ ಅಜ್ಜಿಯ ಕರಿಮಣಿ ಸರ ಹಾಕಿಕೊಂಡು ಬಾ ಎಂದದ್ದಕ್ಕೆ ಇಷ್ಟು ಸಿಟ್ಟೇ ಎಂದು ಆಗ ನನಗೆ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ.

ನೀನು ಕಂಡದ್ದು ಅಜ್ಜಿ ಅಂಗಳದಲ್ಲಿ ನಿಂತ ಆ ಫೋಟೊ ಮಾತ್ರ. ಉಳಿದದ್ದನ್ನು ನಾನು ಯಾರಿಗೂ ಹೇಳಿಲ್ಲ.

ನೀನು ಆಗ ಮೂರನೆಯ ತರಗತಿ. ನಮ್ಮ ಹಾಲಕ್ಕಿ ಒಕ್ಕಲಿಗ ಜಾತಿಯವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬಹುದೇ ಎಂದು ನೋಡಲು ನಮ್ಮ ಕೊಪ್ಪಕ್ಕೆ ಅಧ್ಯಯನದವರು ಬರುತ್ತಾರೆ ಎಂದು ತಿಳಿಯಿತು. ಪಂಗಡವನ್ನು ಗುರುತಿಸಲು 1965ರ ಲೋಕುರ್ ಸಮಿತಿ ಹೇಳಿದ ಲಕ್ಷಣಗಳನ್ನು ನಾನು ಓದಿಕೊಂಡಿದ್ದೆ: ಆದಿಮ ಗುಣ, ಬೇರೆಯದೇ ಸಂಸ್ಕೃತಿ, ದೂರದ ನೆಲೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಮೇಷ್ಟ್ರಲ್ಲವೇ, ಮಕ್ಕಳನ್ನು ಪರೀಕ್ಷೆಗೆ ತಯಾರು ಮಾಡುವಂತೆ ಮನೆಯನ್ನೇ ತಯಾರು ಮಾಡಿದೆ. ಟಿವಿಗೆ ಚಾದರ ಹೊದಿಸಿದೆ. ಮೊಣಕಾಲು ನೋವಿಗೆ ಆಸ್ಪತ್ರೆಗೆ ಓಡಾಡಲು ಶುರುಮಾಡಿದ ಮೇಲೆ ಅವ್ವ ರವಿಕೆ ತೊಡುತ್ತಿದ್ದಳು. ಇವತ್ತು ರವಿಕೆ ಬೇಡ ಎಂದೆ. ಮಗ ತಾಯಿಗೆ ಹೇಳುವ ಮಾತೇ ಅದು? ಹೇಳಿದೆ. ಬಂದವರು ಏನಾದರೂ ಕೇಳಿದರೆ ತಲೆ ತಗ್ಗಿಸು, ಮಾತು ಬೇಡ ಎಂದೂ ಹೇಳಿಕೊಟ್ಟೆ.

ಅವ್ವ ಒಳಗೆ ಹೋಗಿ ರವಿಕೆ ಬಿಚ್ಚಿಟ್ಟು ಬಂದಳು. ಮಾತನ್ನು ಮಾತ್ರ ಬಿಡಲಿಲ್ಲ. ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಅಂಕೋಲೆಯ ಪೇಟೆಯಲ್ಲಿ ತರಕಾರಿ ಮಾರಿದವಳು ಅವಳು. ಬಂದವರಿಗೆ ಮಜ್ಜಿಗೆ ಕೊಟ್ಟಳು, ಮಕ್ಕಳೆಷ್ಟು ಎಂದು ವಿಚಾರಿಸಿದಳು, ಸುಗ್ಗಿಯ ಹಾಡು ಹೇಳಿದಳು, ಹೊರಟವರ ಕೈಗೆ ಬೆಂಡೆಕಾಯಿ ಕಟ್ಟಿಕೊಟ್ಟಳು. ಅವರೂ ನಕ್ಕು ನಕ್ಕು ಮಾತಾಡಿದರು. ನನ್ನ ಕಣ್ಣು ಅವರ ಪೆನ್ನಿನ ಮೇಲೆಯೇ ಇತ್ತು. ಏನು ಬರೆದುಕೊಂಡರೋ ಇವತ್ತಿಗೂ ಗೊತ್ತಿಲ್ಲ.

ಆ ರಾತ್ರಿ ಅವಳನ್ನು ಬೈದೆ. 'ನಿನ್ನ ಬಾಯಿಂದ ಇಡೀ ಜಾತಿಯ ಕೆಲಸ ಕೆಟ್ಟಿತು' ಎಂದೆ. ಅವ್ವ ತಿರುಗಿ ಒಂದು ಮಾತೂ ಆಡಲಿಲ್ಲ. ಅಂದಿನಿಂದ ಅಂಗಳಕ್ಕೆ ಹೊಸಬರು ಬಂದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಚುಚ್ಚುಮದ್ದು ಕೊಡಲು ಬಂದ ನರ್ಸಿನ ಎದುರಿಗೂ ಬಾಯಿ ಬಿಡಲಿಲ್ಲ. ನೀನು ಪಿಯುಸಿಯಲ್ಲಿದ್ದಾಗ ಗೆಳತಿಯರನ್ನು ಕರೆದು ತಂದಿದ್ದೆ, ಅವಳು ಬಾಗಿಲ ಸಂದಿಯಿಂದ ನೋಡಿದಳೇ ಹೊರತು ಹೊರಗೆ ಬರಲಿಲ್ಲ. 'ಅಜ್ಜಿಗೆ ಬಹಳ ಸಂಕೋಚ' ಎಂದು ನೀನು ಅವರಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತ್ತು. ಆ ಸಂಕೋಚ ನಾನು ಕಲಿಸಿದ್ದು, ತಂಗೀ. ಅವಳು ತೀರಿಕೊಳ್ಳುವವರೆಗೂ ನಾನು ಕ್ಷಮೆ ಕೇಳಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಬೇಡಿಕೆ ಕೈಬಿಟ್ಟೆ ಎಂದುಕೊಳ್ಳಬೇಡ. 'ಪಟ್ಟಿಗೆ ಸೇರಿದರೆ ಏನು ಸಿಗುತ್ತದೆ, ನಾಲ್ಕು ಸೀಟು' ಎಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಗುಡ್ಡದ ಕೆಳಗಿನ ನಮ್ಮ ಗದ್ದೆಯನ್ನೇ ನೋಡು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿಯಲ್ಲಿದ್ದರು ಎಂದು ತೋರಿಸಿದರೆ ಸಾಕು. ನಾವು 'ಇತರ ಪಾರಂಪರಿಕ ಅರಣ್ಯವಾಸಿಗಳು'. ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಇಲ್ಲಿದ್ದೆವು ಎಂದು ಸಾಬೀತು ಮಾಡಬೇಕು. ಅಕ್ಷರವೇ ಬಾರದ ಮುತ್ತಜ್ಜ ಕಾಗದ ಎಲ್ಲಿಂದ ಇಟ್ಟಾನು? ನಮ್ಮ ಅರ್ಜಿ ತಿರಸ್ಕೃತವಾದದ್ದು ಹೀಗೆ. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಯರು ಪಟ್ಟಿಗೆ ಸೇರಿದರು, ನನಗೆ ಸಂತೋಷವೇ. ಅದೇ ವರ್ಷ ಗೋವೆಯ ಕುಣಬಿಯರೂ ಸೇರಿದರು. ಗಡಿಯ ಈಚೆ ಜೋಯಿಡಾದ ಕುಣಬಿಯರು ನಮ್ಮ ಹಾಗೆಯೇ ಕಾಯುತ್ತಿದ್ದಾರೆ.

ಸಂವಿಧಾನ ಸಭೆಯಲ್ಲಿ ಜೈಪಾಲ್ ಸಿಂಗ್ ಎಂಬವರಿದ್ದರು, 1928ರ ಒಲಿಂಪಿಕ್ಸ್‌ನಲ್ಲಿ ಹಾಕಿ ತಂಡದ ನಾಯಕರು. 'ಆದಿವಾಸಿ' ಎಂಬ ಪದವೇ ಬೇಕೆಂದು ಅವರು ಪಟ್ಟು ಹಿಡಿದರು. ಆ ಪದ ಸಿಗಲಿಲ್ಲ. ಸಿಕ್ಕಿದ್ದು 342ನೆಯ ವಿಧಿ, ಒಂದು ಪಟ್ಟಿ. ಅದಕ್ಕೆ ಒಂದು ಹೆಸರು ಸೇರಬೇಕಾದರೆ ಸಂಸತ್ತೇ ಕಾಯ್ದೆ ಮಾಡಬೇಕು. ನೀನು ಕಾನೂನು ಓದಿದವಳು, ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಆದರೂ ಹೇಳುತ್ತೇನೆ. ಬೆಂಗಳೂರಿನಲ್ಲಿ 'ಗೌಡ' ಎಂದೊಡನೆ ನೂರು ಎಕರೆಯ ಒಡೆಯರು ಎಂದುಕೊಳ್ಳುತ್ತಾರೆ, ಸುಮ್ಮನಿರಬೇಡ, ಹಾಲಕ್ಕಿ ಎಂದು ಹೇಳು. ಹಳೆಯ ಶಾಲಾ ದಾಖಲೆಗಳನ್ನು ಜೋಪಾನ ಮಾಡು. ರಾತ್ರಿ ಬಸ್ಸಿನಲ್ಲಿ ಒಬ್ಬಳೇ ಹೋಗಬೇಡ. ಹೊಟ್ಟೆಗೆ ಸಿಟ್ಟು ತೋರಿಸಬೇಡ.

ಮರ ಬೆಳೆಸಿದ ತುಳಸಿ ಗೌಡ ಬರಿಗಾಲಿನಲ್ಲಿ, ನಮ್ಮ ಹಾಲಕ್ಕಿ ಉಡುಗೆಯಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದ ದಿನ ನಾನು ಟಿವಿಯ ಮುಂದೆ ಅತ್ತದ್ದನ್ನು ನೀನು ನೋಡಿದ್ದೆ. ಹೆಮ್ಮೆ ಎಂದು ನೀನು ಅಂದುಕೊಂಡೆ. ಹೆಮ್ಮೆಯೂ ಇತ್ತು. ಆಕೆ ದಿನವೂ ಇದ್ದ ಹಾಗೆಯೇ ಹೋದವಳು, ಯಾರೂ ತಯಾರು ಮಾಡಿ ಕಳಿಸಿದ್ದಲ್ಲ. ನನಗೆ ಅವ್ವನ ನೆನಪಾಗಿತ್ತು.

ಸರವನ್ನು ನಿನ್ನ ಪೆಟ್ಟಿಗೆಗೆ ತುರುಕಿಲ್ಲ. ಅಜ್ಜಿಯ ಟ್ರಂಕಿನಲ್ಲಿದೆ, ಅಲ್ಲಿಯೇ ಇರಲಿ, ನಿನಗೆ ಬೇಕೆನಿಸಿದಾಗ ತೆಗೆದುಕೋ. ಬರುವ ಸೋಮವಾರ ಕಾರವಾರದಲ್ಲಿ ಜಿಲ್ಲಾಧಿಕಾರಿಗೆ ಮನವಿ ಕೊಡುತ್ತೇವೆ. ಕರಡು ಬರೆದವನು ನಾನೇ. ಅದರಲ್ಲಿ 'ಹೊರಗಿನವರನ್ನು ಕಂಡರೆ ಸಂಕೋಚಪಡುವ ಜನ' ಎಂಬ ಸಾಲಿತ್ತು, ನಿನ್ನೆ ಹೊಡೆದುಹಾಕಿದೆ. ಅದಿಲ್ಲದಿದ್ದರೆ ಮನವಿಗೆ ಬಲವಿಲ್ಲ ಎಂದು ಉಳಿದವರು ತಕರಾರು ಮಾಡುತ್ತಿದ್ದಾರೆ. ಆ ಜಾಗದಲ್ಲಿ ಏನು ಬರೆಯಬೇಕೋ ನನಗೆ ಹೊಳೆಯುತ್ತಿಲ್ಲ. ಕರಡನ್ನು ಇದರ ಜೊತೆ ಇಟ್ಟಿದ್ದೇನೆ, ಶುಕ್ರವಾರದೊಳಗೆ ತಿದ್ದಿ ಕಳಿಸು. ಅಮ್ಮ ಒಣ ಸಿಗಡಿ ಕಟ್ಟಿದ್ದಾಳೆ, ಪೊಟ್ಟಣ ನಾಳೆಯ ಬಸ್ಸಿಗೆ ಬರುತ್ತದೆ.

ನಿನ್ನ ಅಪ್ಪ