ಮಾರ್ಕ್ಸ್ ಹಕ್ಕುಗಳ ವೈರಿಯೇ? ಅರ್ಧ ಓದಿನ ತೊಂದರೆ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಆದರ್ಶ ಸಮಾಜದ ಕಲ್ಪನೆಗಳ ಕುರಿತು ಬಂದ ಲೇಖನ ಓದಿದೆವು. ಇಂಥ ವಿಷಯಕ್ಕೆ ಇಡೀ ಪುಟ ಬಿಟ್ಟುಕೊಟ್ಟದ್ದು ಸಂತೋಷ. ಆದರೆ ಅದರ ಮೂರು ಮಾತುಗಳನ್ನು ಒಪ್ಪಲಾಗದು: ನ್ಯಾಚುರಲ್ ಲಾ ಎಂದರೆ ಬಲವಿದ್ದವನು ಬದುಕುವ ಪ್ರಕೃತಿಯ ನಿಯಮ, ಮಾರ್ಕ್ಸ್ ಹಕ್ಕುಗಳನ್ನೆಲ್ಲ ತಳ್ಳಿಹಾಕಿದವನು, ಯುಟೋಪಿಯಾ, ಅಂದರೆ ಆದರ್ಶ ಸಮಾಜದ ಕಲ್ಪನೆ, ಬರಿಯ ಹಗಲುಗನಸು.

ಮೊದಲನೆಯದಕ್ಕೆ ಅರ್ಧ ಕಾರಣ ನಮ್ಮ ಪದಗಳೇ. ‘ನಿಸರ್ಗ ನಿಯಮ’ ಎಂದರೆ ತೆಂಗಿನಕಾಯಿ ಕೆಳಗೆ ಬೀಳುವುದು. ಕೋರ್ಟ್ ವರದಿಗಳಲ್ಲಿ ಬರುವ ‘ಸಹಜ ನ್ಯಾಯ’ ಬೇರೆ: ಎದುರು ಪಕ್ಷದ ಮಾತು ಕೇಳದೆ ತೀರ್ಪು ಕೊಡಬಾರದು, ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು. ಅದು ವಿಚಾರಣೆಯ ಕ್ರಮ. ನ್ಯಾಚುರಲ್ ಲಾ ಇವೆರಡೂ ಅಲ್ಲ. ಸರ್ಕಾರ ಬರೆದ ಕಾನೂನನ್ನೇ ಸರಿಯೋ ತಪ್ಪೋ ಎಂದು ಅಳೆಯಲು ಮನುಷ್ಯ ವಿವೇಕದಿಂದ ಕಂಡುಕೊಳ್ಳುವ ಅಳತೆಗೋಲು ಅದು. ‘ಸಹಜ ಧರ್ಮ’ ಎನ್ನಬಹುದಿತ್ತು, ಆದರೆ ಧರ್ಮ ಎಂದ ಕೂಡಲೇ ಮಾತು ಬೇರೆ ದಾರಿ ಹಿಡಿಯುತ್ತದೆ. ಹಾಗಾಗಿ ‘ಸಹಜ ಕಾನೂನು’ ಎನ್ನುವುದೇ ವಾಸಿ. ಬೆಂಕಿ ಇಲ್ಲೂ ಪರ್ಷಿಯಾದಲ್ಲೂ ಒಂದೇ ರೀತಿ ಸುಡುತ್ತದೆ, ನ್ಯಾಯವೂ ಹಾಗೆಯೇ ಇರಬೇಕಲ್ಲವೇ ಎಂಬ ಪ್ರಶ್ನೆ ಅರಿಸ್ಟಾಟಲನ ಕಾಲಕ್ಕೇ ಇತ್ತು. ಬಲಶಾಲಿಯ ನಿಯಮ ಎನ್ನುವವರು 13ನೇ ಶತಮಾನದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸನನ್ನು ಒಮ್ಮೆ ನೋಡಬೇಕು. ಪ್ರಾಣಕ್ಕೆ ಕುತ್ತು ಬಂದಾಗ ಇನ್ನೊಬ್ಬನದನ್ನು ತೆಗೆದುಕೊಂಡರೆ ಅದು ಕಳವಲ್ಲ ಎಂದು ಅವನು ನೇರವಾಗಿ ಬರೆದಿದ್ದಾನೆ.

ಇನ್ನು ಮಾರ್ಕ್ಸ್. ಜರ್ಮನಿಯ ರೈನ್ ಪ್ರಾಂತ್ಯದ ಸಭೆಯಲ್ಲಿ, ಕಾಡಿನಲ್ಲಿ ಉದುರಿದ ಕಟ್ಟಿಗೆ ಹೆಕ್ಕುವುದನ್ನೂ ಕಳವೆಂದು ಮಾಡುವ ಮಸೂದೆ ಚರ್ಚೆಗೆ ಬಂದಿತ್ತು. 1842ರಲ್ಲಿ 24 ವರ್ಷದ ಮಾರ್ಕ್ಸ್ ಪತ್ರಿಕೆಯಲ್ಲಿ ಅದನ್ನು ಕಂತು ಕಂತಾಗಿ ಬಿಡಿಸಿದ. ಹಸಿ ಮರ ಕಡಿಯುವುದು ಒಂದು, ಕಡಿದಿಟ್ಟ ಮರ ಒಯ್ಯುವುದು ಇನ್ನೊಂದು, ಉದುರಿದ ಪುಳ್ಳೆ ಹೆಕ್ಕುವುದು ಮತ್ತೊಂದು. ಮೂರನೆಯದರಲ್ಲಿ ಮರವೇ ಕೊಂಬೆಯನ್ನು ಕೈಬಿಟ್ಟಿದೆ, ಮಾಲೀಕನದು ಮರ ಮಾತ್ರ. ಅದನ್ನು ಹೆಕ್ಕುವುದು ಬಡವರ ರೂಢಿಯ ಹಕ್ಕು. ಅಷ್ಟಕ್ಕೇ ಬಿಡದೆ ಅವನು ಮಸೂದೆಯ ಒಳಗಿನ ಏರ್ಪಾಟನ್ನೂ ತೋರಿಸಿದ: ಹಿಡಿಯುವವನೂ ಮಾಲೀಕನ ಕಾವಲುಗಾರ, ಕಟ್ಟಿಗೆಗೆ ಬೆಲೆ ಕಟ್ಟುವವನೂ ಅವನೇ, ದಂಡ ಹೋಗುವುದು ಮಾಲೀಕನ ಜೇಬಿಗೆ. ಹಕ್ಕಿನ ವೈರಿ ಬರೆಯುವ ಬರಹವೇ ಇದು?

ನಮ್ಮ ಕರಾವಳಿಯವರಿಗೆ ಇದನ್ನು ಕೇಳಿದರೆ ಕುಮ್ಕಿ ನೆನಪಾಗುತ್ತದೆ. ವರ್ಗ ಜಮೀನಿನ, ಅಂದರೆ ಕಂದಾಯ ಕಟ್ಟುವ ಸ್ವಂತ ಜಮೀನಿನ, ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಕಟ್ಟಿಗೆ ತೆಗೆಯುವ ಸವಲತ್ತು ಅದು. ಆದರೆ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಕುಮ್ಕಿ ವರ್ಗದಾರನಿಗೆ ಅಂಟಿದ್ದು, ತುಂಡು ಭೂಮಿಯೂ ಇಲ್ಲದವನಿಗಲ್ಲ. ಮಾರ್ಕ್ಸ್ ಮಾತನಾಡಿದ್ದು ಆ ಎರಡನೆಯವನ ಪರವಾಗಿ.

ಹಾಗಾದರೆ ಅವನು ಹಕ್ಕುಗಳನ್ನು ಟೀಕಿಸಿದ್ದು ಎಲ್ಲಿ? ಮುಖ್ಯವಾಗಿ ಎರಡು ಕಡೆ: 1844ರಲ್ಲಿ ಪ್ರಕಟವಾದ ಯಹೂದಿ ಪ್ರಶ್ನೆಯ ಪ್ರಬಂಧದಲ್ಲಿ, ಮತ್ತು ಜರ್ಮನ್ ಕಾರ್ಮಿಕ ಪಕ್ಷದ ಗೋಥಾ ಕಾರ್ಯಕ್ರಮಕ್ಕೆ 1875ರಲ್ಲಿ ಬರೆದ ವಿಮರ್ಶೆಯಲ್ಲಿ. ಎರಡನೆಯದನ್ನು ನಮ್ಮ ಮುಂಬಯಿಯ ಹೋಟೆಲೊಂದರ ಅಡುಗೆಮನೆಯಲ್ಲಿಟ್ಟು ನೋಡಬಹುದು. ಇಬ್ಬರು ಕೆಲಸಗಾರರು, ಒಂದೇ ಕೆಲಸ, ಒಂದೇ ಸಂಬಳ. ಒಬ್ಬ ಬ್ರಹ್ಮಚಾರಿ, ಹೋಟೆಲಿನ ಮಾಳಿಗೆಯಲ್ಲೇ ಮಲಗುತ್ತಾನೆ. ಇನ್ನೊಬ್ಬನಿಗೆ ದೂರದ ನಾಲಾಸೋಪಾರಾದಲ್ಲಿ ಬಾಡಿಗೆ ಖೋಲಿ, ಹೆಂಡತಿ, ಎರಡು ಮಕ್ಕಳು. ಅಳತೆಗೋಲು ಒಂದೇ, ಆದರೆ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು ಒಂದೇ ಅಲ್ಲ. ಸಮಾನ ಹಕ್ಕು ಅಸಮಾನರ ಮೇಲೆ ಬಿದ್ದಾಗ ಅಸಮಾನತೆಯ ಹಕ್ಕಾಗುತ್ತದೆ ಎಂದು ಮಾರ್ಕ್ಸ್ ಹೇಳಿದ್ದು ಇದನ್ನೇ. ಆದ್ದರಿಂದ ಸಮಾನ ಸಂಬಳ ಬೇಡ ಎಂದು ಅವನು ಹೇಳಲಿಲ್ಲ. ಹೊಸ ಸಮಾಜದ ಮೊದಲ ಹಂತದಲ್ಲಿ ಈ ಕೊರತೆ ತಪ್ಪಿದ್ದಲ್ಲ, ಅವರವರ ಅಗತ್ಯಕ್ಕೆ ತಕ್ಕಷ್ಟು ಕೊಡುವುದು ಆಮೇಲಿನ ಮಾತು ಎಂದ. ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ವಾಪಸು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳಿ ಬೆಳೆದವರಿಗೆ ಈ ಮಾತು ತೀರಾ ಪರದೇಶಿ ಅನ್ನಿಸಬೇಕಾಗಿಲ್ಲ.

ಹಕ್ಕು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದಕ್ಕೆ ಮುಂಬಯಿಯಲ್ಲೇ ಒಂದು ಪಕ್ಕಾ ಪಾಠವಿದೆ. 1981ರ ಜುಲೈಯಲ್ಲಿ, ಜಡಿಮಳೆಯ ನಡುವೆ, ಫುಟ್‌ಪಾತ್‌ನಲ್ಲಿದ್ದವರನ್ನು ಎಬ್ಬಿಸಿ ಊರಿಗೆ ಅಟ್ಟುವ ಘೋಷಣೆಯನ್ನು ಮುಖ್ಯಮಂತ್ರಿ ಎ.ಆರ್. ಅಂತುಳೆ ಮಾಡಿದರು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಹೆಸರಿನ ಪ್ರಕರಣ ಹುಟ್ಟಿದ್ದು ಹಾಗೆ. 1985ರ ಜುಲೈ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಅದನ್ನು ಹಂತ ಹಂತವಾಗಿ ಓದಬೇಕು. ಹೊಟ್ಟೆಪಾಡಿನ ದಾರಿ ಕಿತ್ತುಕೊಂಡರೆ ಜೀವವನ್ನೇ ಕಿತ್ತುಕೊಂಡಂತೆ, ಆದ್ದರಿಂದ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ: ಇಲ್ಲಿಯವರೆಗೆ ಸಹಜ ಕಾನೂನಿನ ದನಿ. ಮುಂದೆ ಪಾಲಿಕೆ ಕಾಯ್ದೆಯ 314ನೇ ಕಲಂ ಬಂತು. ಅತಿಕ್ರಮಣವನ್ನು ನೋಟಿಸಿಲ್ಲದೆ ತೆಗೆಸುವ ಅಧಿಕಾರ ಅದರಲ್ಲಿದೆ. ಕಲಂ ಸಿಂಧು, ಆದರೆ ಸಾಮಾನ್ಯವಾಗಿ ನೋಟಿಸು ಕೊಟ್ಟು ಮಾತು ಕೇಳಬೇಕು ಎಂದಿತು ಕೋರ್ಟು. ಇದು ಮೇಲೆ ಹೇಳಿದ ಸಹಜ ನ್ಯಾಯ. ಕೊನೆಗೆ ಕೈಗೆ ಸಿಕ್ಕಿದ್ದೇನು? 1976ರ ಗಣತಿಯ ಗುರುತಿನ ಚೀಟಿ ಇದ್ದವರಿಗೆ ಬದಲಿ ಜಾಗ, ಉಳಿದವರಿಗೆ ಅಕ್ಟೋಬರ್ 31ರವರೆಗೆ, ಅಂದರೆ ಮಳೆ ಮುಗಿಯುವ ತನಕ, ಉಸಿರು.

ಹಕ್ಕು ದೊಡ್ಡದಾಗಿ ಗೆದ್ದಿತು, ಹಕ್ಕುದಾರ ಫುಟ್‌ಪಾತ್‌ನಲ್ಲೇ ಉಳಿದ. ಸಮಾಜದ ಆರ್ಥಿಕ ಕಟ್ಟಡಕ್ಕಿಂತ ಎತ್ತರಕ್ಕೆ ಹಕ್ಕು ಬೆಳೆಯಲಾರದು ಎಂಬ ಗೋಥಾ ವಿಮರ್ಶೆಯ ಮಾತಿಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ಹುಡುಕುವುದು ಕಷ್ಟ. ಹಾಗೆಂದು ತೀರ್ಪು ಬರಿಯ ಕಾಗದವೆನ್ನುವವರೂ ಆತುರಗಾರರೇ. ಅವತ್ತಿನಿಂದ ಎಬ್ಬಿಸುವವನು ಕಾರಣ ಹೇಳಬೇಕಾಯಿತು.

ಯುಟೋಪಿಯಾದ ವಿಷಯಕ್ಕೆ ಬಂದರೆ, ಲೇಖಕರು ಇಂಗ್ಲೆಂಡಿನ ಥಾಮಸ್ ಮೋರನ 1516ರ ‘ಯುಟೋಪಿಯಾ’ ಪುಸ್ತಕದಿಂದ ಆರು ಗಂಟೆಯ ಕೆಲಸ, ಚಿನ್ನದ ಮೂತ್ರಪಾತ್ರೆ ಇಷ್ಟನ್ನೇ ಎತ್ತಿಕೊಂಡಿದ್ದಾರೆ. ಅದೇ ದ್ವೀಪದಲ್ಲಿ ಗುಲಾಮರಿದ್ದಾರೆ, ಪರವಾನಗಿಯಿಲ್ಲದೆ ಊರು ಬಿಟ್ಟು ಎರಡನೇ ಸಲ ಸಿಕ್ಕಿಬಿದ್ದವನೂ ಗುಲಾಮನಾಗುತ್ತಾನೆ. ಸುಖದ ಲೆಕ್ಕ ಸರಿಯಾಗಿದೆ, ಮರ್ಯಾದೆಯ ಲೆಕ್ಕ ತಪ್ಪಿದೆ. (ಆ ಕಥೆ ಹೇಳುವ ಪೋರ್ಚುಗೀಸ್ ನಾವಿಕ ಊರಿಗೆ ಮರಳುವ ಹಡಗು ಹತ್ತುವುದು ನಮ್ಮ ಪಡುಗಡಲ ಕಲ್ಲಿಕೋಟೆಯಲ್ಲಿ.) ರಾಬರ್ಟ್ ಓವೆನ್ 1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಶುರುಮಾಡಿದ ನ್ಯೂ ಹಾರ್ಮನಿ ಎಂಬ ಆದರ್ಶ ಸಮುದಾಯ ಎರಡೇ ವರ್ಷಕ್ಕೆ ಚೆದುರಿತು. ಬಂದವರನ್ನೆಲ್ಲ ಸೇರಿಸಿಕೊಂಡರು, ಕಸುಬು ಬಲ್ಲವರು ಸಾಲಲಿಲ್ಲ, ಯಾರ ಕೆಲಸಕ್ಕೆ ಎಷ್ಟು ಎಂಬುದು ಇತ್ಯರ್ಥವಾಗಲಿಲ್ಲ. ಭವಿಷ್ಯದ ಖಾನಾವಳಿಗಳಿಗೆ ಅಡುಗೆಯ ಕ್ರಮ ಬರೆದುಕೊಡಲು ಒಲ್ಲೆ ಎಂದು ಮಾರ್ಕ್ಸ್ 1873ರಲ್ಲಿ ಹೇಳಿದ್ದು ಇಂಥವನ್ನು ಕಂಡೇ ಇರಬೇಕು. ಗಿರಣಗಾಂವ್‌ನ ಖಾನಾವಳಿಯಲ್ಲಿ ಉಂಡು ದುಡಿದವರಿಗೆ ಈ ಉಪಮೆ ಬಿಡಿಸಿ ಹೇಳಬೇಕಿಲ್ಲ. ಆದರೂ ಮಾರ್ಕ್ಸನ ಒಡನಾಡಿ ಎಂಗೆಲ್ಸ್ ಸ್ವತಃ ಓವೆನ್‌ನನ್ನೂ ಅಂಥದೇ ಕನಸು ಕಂಡ ಫ್ರಾನ್ಸಿನ ಫೂರಿಯೆ, ಸೇಂಟ್-ಸಿಮೋನರನ್ನೂ ಗೇಲಿ ಮಾಡಲಿಲ್ಲ, ಅವರಲ್ಲಿ ಮೊಳಕೆಗಳಿವೆ ಎಂದೇ ಬರೆದ.

ಈ ಮೂರು ಎಳೆಗಳನ್ನು ಒಟ್ಟಿಗೆ ಹಿಡಿದವನು ಜರ್ಮನಿಯ ಮಾರ್ಕ್ಸ್‌ವಾದಿ ದಾರ್ಶನಿಕ ಅರ್ನ್ಸ್ಟ್ ಬ್ಲಾಖ್. ಲೇಖನದಲ್ಲಿ ಅವನ ಹೆಸರೇ ಇಲ್ಲ. ಸಾಮಾಜಿಕ ಯುಟೋಪಿಯಾಗಳು ಹಸಿದು ಬಳಲಿದವರ ಸುಖವನ್ನು ನೋಡುತ್ತವೆ, ಸಹಜ ಕಾನೂನು ಅವಮಾನಿತರ ಘನತೆಯನ್ನು ನೋಡುತ್ತದೆ, ಒಂದಿಲ್ಲದೆ ಇನ್ನೊಂದು ನಿಲ್ಲದು ಎಂಬುದು 1961ರಲ್ಲಿ ಹೊರಬಂದ ಅವನ ಪುಸ್ತಕದ ವಾದ. ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಾಧ್ಯಾಪಕನಾಗಿದ್ದವನನ್ನು 1957ರಲ್ಲಿ ಬಲವಂತವಾಗಿ ನಿವೃತ್ತಗೊಳಿಸಿದ್ದರು. ಬರ್ಲಿನ್ ಗೋಡೆ ಎದ್ದಾಗ ಪಶ್ಚಿಮದಲ್ಲಿದ್ದವನು ಮರಳಿ ಹೋಗಲಿಲ್ಲ. ಘನತೆ ಬಿಟ್ಟ ಸಮಾಜವಾದ ಏನಾಗುತ್ತದೆಂದು ಅವನಿಗೆ ಬೇರೆಯವರು ಹೇಳಬೇಕಿರಲಿಲ್ಲ.

ಕೆಲಸದ ಹೊತ್ತಿನ ಹೋರಾಟದಲ್ಲೂ ಸುಖ, ಘನತೆಗಳ ಇದೇ ಜೋಡಿ ಕಾಣುತ್ತದೆ. 1881ರ ಕಾರ್ಖಾನೆ ಕಾಯ್ದೆ 7ರಿಂದ 12 ವರ್ಷದ ಮಕ್ಕಳಿಗೆ 9 ಗಂಟೆ ಎಂದಿತು, ದೊಡ್ಡವರ ಮಾತೇ ಎತ್ತಲಿಲ್ಲ. ಬಟ್ಟೆ ಗಿರಣಿಯ ಗಂಡಾಳುಗಳಿಗೆ 12 ಗಂಟೆಯ ಮಿತಿ ಬರಲು 1911 ಆಗಬೇಕಾಯಿತು. 1922ರಲ್ಲಿ ವಾರಕ್ಕೆ 60, 1934ರಲ್ಲಿ 54, 1946ರಲ್ಲಿ 48. ಪ್ರತಿ ಸಲವೂ ಧಣಿಗೂ ಹಕ್ಕಿತ್ತು, ಆಳಿಗೂ ಹಕ್ಕಿತ್ತು. ಎರಡು ಸಮಾನ ಹಕ್ಕುಗಳ ನಡುವೆ ತೀರ್ಮಾನ ಮಾಡುವುದು ಬಲ ಎಂದು ಮಾರ್ಕ್ಸನ ‘ಕ್ಯಾಪಿಟಲ್’ ಹೇಳುತ್ತದೆ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ 2017ರಲ್ಲಿ ಬಂದಾಗ ದಿನಕ್ಕೆ 9 ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಎಂದಿತು, ಆದರೆ 10 ಅಥವಾ ಹೆಚ್ಚು ಜನ ದುಡಿಯುವ ಕಡೆಗೆ ಮಾತ್ರ. ಒಂಬತ್ತು ಜನರ ಹೋಟೆಲಿನಲ್ಲಿ ಹನ್ನೆರಡು ಗಂಟೆ ನಿಂತವನ ಬಗ್ಗೆ ನಿಮ್ಮ ಲೇಖಕರು ಬರೆದರೆ ನಾವು ಖಂಡಿತ ಓದುತ್ತೇವೆ.

ಇತಿ,
ರಾಜಕೀಯ ತತ್ವಶಾಸ್ತ್ರದ ಇಬ್ಬರು ಅಧ್ಯಾಪಕರು
ಮಾಟುಂಗಾ, ಮುಂಬಯಿ