ಎ ವಿಟಮಿನ್ ಕೊಡ್ತೀರ, ಡಿ ಡ್ರಾಪ್ಸ್ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ,

ಬೆಂಗಳೂರಲ್ಲಿ ಇಷ್ಟು ಬಿಸಿಲಿದ್ರೂ ಮಕ್ಕಳಿಗೆ ವಿಟಮಿನ್ ಡಿ ಕಮ್ಮಿ ಆಗುತ್ತಾ ಅಂತ ತುಂಬಾ ಜನ ಕೇಳ್ತಾರೆ. ಬಿಸಿಲಿದೆ ಸರ್, ಆದ್ರೆ ಕೂಸು ಇರೋದು ಮನೆ ಒಳಗೆ, ಕಿಟಕಿ ಗಾಜಿಂದ ಬರೋ ಬಿಸಿಲಲ್ಲಿ ಡಿ ಆಗೋಕೆ ಬೇಕಾದ ಯುವಿ-ಬಿ ಕಿರಣ ಹೆಚ್ಚುಕಮ್ಮಿ ಇರೋದೇ ಇಲ್ಲ, ಅಜ್ಜಿಯರು ಎಣ್ಣೆ ಹಚ್ಚಿ ಹಿಡಿಯೋ ಬೆಳಗಿನ ಎಳೆಬಿಸಿಲಲ್ಲೂ ಅದು ತೀರಾ ಕಮ್ಮಿ. ಎದೆಹಾಲಲ್ಲೂ ಡಿ ತೀರಾ ಕಮ್ಮಿ. ರಾಗಿ ಸರೀಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ಆದ್ರೆ ಅದು ಮೈಗೆ ಹತ್ತೋಕೂ ಡಿ ಬೇಕು. ಅದಕ್ಕೇ ಡಾಕ್ಟರು ಹುಟ್ಟಿದಾಗಿಂದ ಒಂದು ವರ್ಷ ತುಂಬೋವರೆಗೂ ದಿನಾ 400 ಐಯು (ವಿಟಮಿನ್ ಅಳೆಯೋ ಲೆಕ್ಕ) ಡಿ ಡ್ರಾಪ್ಸ್ ಹಾಕಿ ಅಂತಾರೆ. ಮೊದಲನೇ ಬಾಟ್ಲು ಖಾಲಿ ಆದ್ಮೇಲೆ ಎಷ್ಟೋ ಮನೇಲಿ ಇನ್ನೊಂದು ತರೋದೇ ಇಲ್ಲ.

ಆಮೇಲೆ ಡಿ ಕಮ್ಮಿಯಾಗಿ ರಿಕೆಟ್ಸ್, ಅಂದ್ರೆ ಮೂಳೆ ಮೆತ್ತಗಾಗಿ ಬಾಗೋ ಕಾಯಿಲೆ, ಬರಬಹುದು. ಮಣಿಕಟ್ಟು ದಪ್ಪ ಆಗುತ್ತೆ, ನೆತ್ತಿ ಬೇಗ ಕೂಡಲ್ಲ, ಹಲ್ಲು ಬರೋದು, ನಡೆಯೋದು ಎಲ್ಲಾ ತಡ, ಕೆಲವು ಕೂಸುಗಳಿಗೆ ಕ್ಯಾಲ್ಸಿಯಂ ಇಳಿದು ಫಿಟ್ಸೇ ಬರುತ್ತೆ. ಎರಡು ವರ್ಷದೊಳಗೆ ಕಾಲು ಸ್ವಲ್ಪ ಬಾಗಿರೋದು ಸಾಮಾನ್ಯ, ಅದಕ್ಕೇ ಗಾಬರಿ ಬೇಡ, ಆದ್ರೆ ಮೇಲಿನ ಲಕ್ಷಣ ಜೊತೆಗಿದ್ರೆ ತಡ ಮಾಡ್ಬೇಡಿ. ಮಣಿಕಟ್ಟಿನ ಎಕ್ಸ್‌ರೇ ಮತ್ತೆ ರಕ್ತ ಪರೀಕ್ಷೆಲಿ ಗೊತ್ತಾಗುತ್ತೆ. ರಿಕೆಟ್ಸ್ ಅಂತಾದ್ರೆ ಒಂದು ವರ್ಷದೊಳಗಿನ ಕೂಸಿಗೆ ಸಾಮಾನ್ಯವಾಗಿ ದಿನಾ 2000 ಐಯು, ಕ್ಯಾಲ್ಸಿಯಂ ಜೊತೆಗೆ, ಮೂರು ತಿಂಗಳು ಕೊಡ್ತಾರೆ. ಚಿಕ್ಕ ವಯಸ್ಸಲ್ಲೇ ಹಿಡಿದ್ರೆ ಬಾಗಿದ ಮೂಳೆ ಎಷ್ಟೋ ಸಲ ಆಪರೇಷನ್ ಇಲ್ಲದೇ ನೇರ ಆಗುತ್ತೆ. ದಯವಿಟ್ಟು ದೊಡ್ಡೋರು ತಗೊಳ್ಳೋ 60,000 ಐಯು ಸ್ಯಾಶೆನ ಮೆಡಿಕಲ್ ಶಾಪಿಂದ ತಂದು ಮಗುಗೆ ನೀವೇ ಹಾಕ್ಬೇಡಿ, ಡಿ ಜಾಸ್ತಿ ಆದ್ರೆ ಕ್ಯಾಲ್ಸಿಯಂ ಏರಿ ವಾಂತಿ ಆಗುತ್ತೆ, ಕಿಡ್ನಿಗೂ ತೊಂದರೆ. ಡ್ರಾಪ್ಸ್‌ಲೂ ಒಂದು ಎಂಎಲ್‌ಗೆ 400 ಇರೋದಿದೆ, 800 ಇರೋದೂ ಇದೆ, ಬಾಟ್ಲು ಬದಲಾದಾಗೆಲ್ಲ ಲೇಬಲ್ ಓದಿ.

ನಾನು ಕೇಳೋದು ಸರ್ಕಾರನ. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದಿನ ಜೊತೆ ವಿಟಮಿನ್ ಎ ಕುಡಿಸ್ತೀರ, ಆರು ತಿಂಗಳಾದ್ಮೇಲೆ ಕಬ್ಬಿಣದ ಸಿರಪ್ ಕೊಡ್ತೀರ, ತುಂಬಾ ಒಳ್ಳೇದು. ಅದೇ ತರ ಈ ಡ್ರಾಪ್ಸ್‌ನೂ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ, ಅಂಗನವಾಡೀಲಿ ಫ್ರೀಯಾಗಿ ಕೊಡಿ, ತಾಯಿ ಕಾರ್ಡಲ್ಲಿ ಅದಕ್ಕೊಂದು ಕಾಲಂ ಹಾಕಿ, ಲಸಿಕೆಗೆ ಬಂದ ಪ್ರತಿ ಕೂಸಿನ ಮಣಿಕಟ್ಟನ್ನ ನರ್ಸಮ್ಮ ಒಂದ್ಸಲ ಮುಟ್ಟಿ ನೋಡ್ಲಿ. ದಿನಗೂಲಿಗೆ ಹೋಗೋ ತಾಯಿ ಪ್ರತಿ ತಿಂಗಳೂ ಆ ಬಾಟ್ಲು ದುಡ್ಡು ಕೊಟ್ಟು ತರೋ ಹಾಗೆ ಆಗ್ಬಾರ್ದು.

— ಒಬ್ಬ ತಾಯಿ, ಕೆಂಗೇರಿ, ಬೆಂಗಳೂರು